ನಲವತ್ತೈದು ನಿಮಿಷದ ಏಜೆಂಟರು

ಮೊನ್ನೆ ಹಳೆಯ ಪುಸ್ತಕಗಳ ರಟ್ಟಿನ ಡಬ್ಬ ಬಿಚ್ಚಿದಾಗ ಕ್ಯಾಲೆಂಡರಿನ ಹಾಳೆಯೊಂದು ಸಿಕ್ಕಿತು. ಗೋಡೆಗೆ ತೂಗುಹಾಕುವ ದೊಡ್ಡ ಕ್ಯಾಲೆಂಡರಿನದು. ಮುಂದಿನ ಬದಿಯಲ್ಲಿ ತಿಥಿ, ರಾಹುಕಾಲ. ಹಿಂದಿನ ಬಿಳಿ ಬದಿಯಲ್ಲಿ ನನ್ನ ಕೈಯ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಅವುಗಳ ಕೆಳಗೆ ಉದ್ದಕ್ಕೆ ಎಳೆದ ಒಂದು ಗೆರೆ, ಗೆರೆಯ ಮೇಲೆ ಕೆಂಪು ಶಾಯಿಯಲ್ಲಿ ಇನ್ನೊಬ್ಬರ ಅಕ್ಷರ: ಕೊರಟಗೆರೆ ೫, ಮಧುಗಿರಿ ೨೦, ಟೀ ೧೨, ಪಾವಗಡ ೪೦.

ಟೀ ಹನ್ನೆರಡು ಎಂದಿರುವುದನ್ನು ನೋಡಿ ನನಗೆ ಕಸಿವಿಸಿಯಾಯಿತು. ಈ ಹಾಳೆಯ ಕಥೆಯನ್ನು ನಾನು ಕೆಲಸದಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೇನೆ. ಪ್ರತಿಸಲವೂ ಟೀಗೆ ಹದಿನೈದು ನಿಮಿಷ ಎಂದೇ ಹೇಳಿದ್ದೇನೆ, ಅದನ್ನು ಬರೆದವರು ಹೇಳಿದ ಧಾಟಿಯನ್ನೂ ಅನುಕರಿಸಿ ತೋರಿಸಿದ್ದೇನೆ. ಮೂರು ನಿಮಿಷ ದೊಡ್ಡ ತಪ್ಪಲ್ಲ. ಆದರೆ ಅಷ್ಟು ಖಚಿತವಾಗಿ ಹೇಳುತ್ತಿದ್ದದ್ದೇ ತಪ್ಪಾಗಿದ್ದರೆ, ಉಳಿದದ್ದರಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು...

ಆ ಕೆಂಪು ಶಾಯಿಯವರು ಮಧುಗಿರಿಯಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಊರಿನವರೆಲ್ಲ ಏಜೆಂಟ್ರು ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಖಾಸಗಿ ಬಸ್ಸುಗಳಿಗೆ ಒಂದೊಂದಕ್ಕೂ ಅದರದೇ ಹೊತ್ತು ಗೊತ್ತಾಗಿರುತ್ತದೆ. ಮುಂದಿನ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಜನರನ್ನೂ ಹತ್ತಿಸಿಕೊಂಡುಬಿಡುತ್ತದೆ. ಆಮೇಲೆ ಡ್ರೈವರುಗಳ ನಡುವೆ ಕಾಲರ್ ಹಿಡಿಯುವ ಜಗಳ. ಅದಾಗದಂತೆ ಕೈಗಡಿಯಾರ ನೋಡಿ ವಿಷಲ್ ಊದಿ ಗಾಡಿ ಹೊರಡಿಸುವುದು ಅವರ ಕೆಲಸ. ಬೆಳಗಿನ ಜಾವದಿಂದ ಮಧ್ಯಾಹ್ನ ಎರಡರವರೆಗೆ ನಿಲ್ದಾಣದಲ್ಲಿ ನಿಂತೇ ಇರುತ್ತಿದ್ದರು. ಅವರು ಪಾವಗಡದ ಕಡೆಯವರು. ಸಿಟ್ಟು ಬಂದರೆ ಕನ್ನಡ, ಬೇಸರವಾದರೆ ತೆಲುಗು. ಅರವತ್ತರ ಹತ್ತಿರದ ವಯಸ್ಸು. ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಕೋಣೆಯಲ್ಲಿ ಅವರೊಬ್ಬರೇ ಇದ್ದರು, ಮಹಡಿಯಲ್ಲಿ ನಾನೊಬ್ಬನೇ. ಎರಡು ವರ್ಷ ಹೀಗಿದ್ದೂ ನಮ್ಮ ನಡುವೆ ನೀರು ಬಂತಾ, ಕರೆಂಟ್ ಹೋಯ್ತಾ ಎನ್ನುವುದಕ್ಕಿಂತ ಹೆಚ್ಚಿನ ಮಾತು ನಡೆದಿರಲಿಲ್ಲ.

ನಾನು ಆಗ ಕೆಲಸವಿಲ್ಲದ ಮೇಷ್ಟ್ರು. ಹತ್ತು ವರ್ಷ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಿದ್ದೆ. ಸೇರುವವರು ಕಡಿಮೆಯಾಗುತ್ತ ಹೋಗಿ ಕಾಲೇಜು ಮುಚ್ಚಿತು. ಮನೆಯಲ್ಲೇ ಕೂತು ಮಾಡಬಹುದಾದ ಸಾಫ್ಟ್‌ವೇರ್ ಕೆಲಸಗಳಿಗೆ ಅರ್ಜಿ ಹಾಕಿದೆ. ಎಷ್ಟೋ ಅರ್ಜಿಗಳಿಗೆ ನಾಲ್ಕೇ ನಾಲ್ಕು ಕಂಪನಿಗಳು ಕರೆದವು. ಮೂರರಲ್ಲಿ ನಾನು ಒಂದೇ ಸುತ್ತಿನಲ್ಲಿ ಬಿದ್ದೆ. ಸಿಸ್ಟಂ ಡಿಸೈನ್ ಎನ್ನುವ ಸುತ್ತು. ಒಂದು ದೊಡ್ಡ ವ್ಯವಸ್ಥೆಯನ್ನು ಹೆಸರಿಸುತ್ತಾರೆ, ಲಕ್ಷಾಂತರ ಜನ ಬಳಸುವಂಥದ್ದು. ಅದನ್ನು ಹೇಗೆ ಕಟ್ಟುತ್ತೀರಿ ಎಂದು ನಲವತ್ತೈದು ನಿಮಿಷದಲ್ಲಿ ಚಿತ್ರ ಬರೆದು ವಿವರಿಸಬೇಕು. ಸರಿ ಉತ್ತರ ಎಂಬುದು ಒಂದಿಲ್ಲ. ಇಡೀ ವ್ಯವಸ್ಥೆಯನ್ನು ತೋರಿಸಬೇಕು, ಅದರ ಯಾವುದಾದರೂ ಒಂದು ಭಾಗದಲ್ಲಿ ಆಳಕ್ಕೂ ಇಳಿಯಬೇಕು. ನನಗೆ ಇಳಿಯುವುದೊಂದೇ ಗೊತ್ತಿತ್ತು. ಮೊದಲ ಚೌಕ ಬರೆದ ತಕ್ಷಣ ಅದರೊಳಗೆ ಹೊಕ್ಕುಬಿಡುತ್ತಿದ್ದೆ. ತಲೆ ಎತ್ತುವ ಹೊತ್ತಿಗೆ ಎದುರಿನವರು ‘ಥ್ಯಾಂಕ್ಸ್, ನಮ್ಮ ಟೈಮ್ ಮುಗೀತು’ ಎನ್ನುತ್ತಿದ್ದರು. ಮೇಷ್ಟ್ರ ಚಟ ಅದು. ಮೊದಲ ಯೂನಿಟ್ಟಿಗೆ ಎರಡು ತಿಂಗಳು, ಕೊನೆಯ ಯೂನಿಟ್ಟಿಗೆ ಎರಡು ದಿನ.

ನಾಲ್ಕನೆಯ ಇಂಟರ್‌ವ್ಯೂಗೆ ಎರಡು ವಾರವಿತ್ತು. ಅದೂ ಕೈತಪ್ಪಿದರೆ ನನ್ನನ್ನು ಕರೆಯುವವರು ಇನ್ನು ಯಾರೂ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹತ್ತು ವರ್ಷ ಕಲಿಸಿದ್ದು ನನಗೇ ಬರುವುದಿಲ್ಲವೇನೋ ಎಂಬ ಅನುಮಾನ ಎದೆಯಲ್ಲಿ ಗೂಡು ಕಟ್ಟಿತ್ತು. ದಿನವೂ ಗೋಡೆಯ ಎದುರು ನಿಂತು ಗಟ್ಟಿಯಾಗಿ ಮಾತಾಡಿ ಅಭ್ಯಾಸ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಏಜೆಂಟರು ಮೆಟ್ಟಿಲ ಮೇಲೆ ಕಾಣಿಸಿಕೊಂಡರು.

“ಯಾರ ಜೊತೆ ಜಗಳ ಮೇಷ್ಟ್ರೇ?”

“ಯಾರೂ ಇಲ್ಲ ಏಜೆಂಟ್ರೇ. ಇಂಟರ್‌ವ್ಯೂಗೆ ಪ್ರಾಕ್ಟೀಸು.”

“ಒಬ್ರೇನಾ? ಒಬ್ರೇ ಕಬಡ್ಡಿ ಆಡ್ದಂಗಾಯ್ತಲ್ಲ!” ಎಂದು ಒಳಗೆ ಇಣುಕಿದರು. “ನಾನ್ ಕುಂತ್ಕತೀನಿ ಬುಡಿ ಎದುರಿಗೆ.”

“ಇದು ಕಂಪ್ಯೂಟರ್ ವಿಷಯ. ನಿಮಗೆ ಬೇಜಾರಾಗುತ್ತೆ.”

“ನಂಗ್ಯಾಕೆ ಅರ್ಥ ಆಗ್ಬೇಕು? ಟೈಮ್ ನೋಡಾಕೆ ಬುದ್ಧಿ ಬೇಕಾ?”

ಮರುದಿನ ನಾಲ್ಕು ಗಂಟೆಗೆ ಸರಿಯಾಗಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಗಲವಾದ ಕಾಗದ ನನ್ನಲ್ಲಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅವರೇ ತಂದಿದ್ದರು. ನಾನು ಶುರು ಮಾಡಿದೆ. ಅವರು ಗಡಿಯಾರವನ್ನೂ ನನ್ನ ಮುಖವನ್ನೂ ನೋಡುತ್ತ ಅಲ್ಲಾಡದೆ ಕೂತಿದ್ದರು. ನಲವತ್ತೈದು ನಿಮಿಷಕ್ಕೆ ವಿಷಲನ್ನು ಬಾಯಿಗಿಟ್ಟು, ಮನೆಯೊಳಗಾದ್ದರಿಂದ ಮೆಲ್ಲಗೆ ಊದಿದರು.

“ಎಲ್ಲಿದೀರ ಈಗ?”

“ಡೇಟಾಬೇಸ್ ಹತ್ತಿರ.”

“ಅದ್ಯಾವೂರೋ ನಂಗೊತ್ತಿಲ್ಲ. ಪಾವಗಡಕ್ಕೆ ಹೊರಟೋರು ಎಲ್ಲೀಗಂಟ ಬಂದ್ರಿ ಹೇಳಿ.”

ನಾನು ಹಾಳೆ ನೋಡಿದೆ. ಎಂಟು ಚೌಕ ಬರೆಯಬೇಕಾದಲ್ಲಿ ಎರಡಿದ್ದವು.

“ಕೊರಟಗೆರೆನೇ ದಾಟಿಲ್ಲ ನೀವು,” ಎಂದರು. “ಬಸ್‌ಸ್ಟ್ಯಾಂಡ್ನಾಗೆ ಟೈರು ಬಿಚ್ಚಾಕ್ಕಂಡು ಕುಂತವ್ರೆ. ಪ್ಯಾಸೆಂಜರ್ ಎಲ್ಲಾ ಇಳ್ದು ಬೇರೆ ಗಾಡಿ ಹತ್ಕಂಡು ಹೋದ್ರು.”

ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ, ಅಥವಾ ಸ್ಪಷ್ಟವಾಗಿದೆ ಅನ್ನಿಸುತ್ತದೆ. ತುಮಕೂರಿನಿಂದ ಪಾವಗಡದ ಬಸ್ಸು ಕೊರಟಗೆರೆ, ಮಧುಗಿರಿ ದಾಟಿ ಹೋಗುತ್ತದೆ. ನನ್ನ ನಲವತ್ತೈದು ನಿಮಿಷವನ್ನು ಅವರು ಆ ದಾರಿಯ ಮೇಲೆ ಹಾಸಿದರು. ಕೆಂಪು ಪೆನ್ನು ಜೇಬಿನಿಂದ ತೆಗೆದು, ನಾನು ಅಂದುಕೊಂಡಂತೆ ತುಮಕೂರಿನಿಂದಲ್ಲ, ಪಾವಗಡದಿಂದ ಬರೆಯಲು ಶುರು ಮಾಡಿದರು. ಬಸ್ಸಿನ ಹೊತ್ತು ಗೊತ್ತು ಮಾಡುವವರು ಸೇರಬೇಕಾದ ಊರಿನಿಂದ ಹಿಂದಕ್ಕೆ ಬರುತ್ತಾರಂತೆ. “ಎಷ್ಟೊತ್ತಿಗೆ ಸೇರ್ಬೇಕು ಅನ್ನೋದ್ನ ಮೊದ್ಲು ಬರ್ಕಳಿ. ಹೊರಡೋನು ಯಾವಾಗ್ಲೂ ಟೈಮ್ ಬೇಜಾನ್ ಐತೆ ಅನ್ಕತಾನೆ.” ಪಾವಗಡ ನಲವತ್ತಕ್ಕೆ. ಉಳಿದ ಐದು ನಿಮಿಷ ಜನ ಇಳಿಯಲು, ಮೂಟೆ ಇಳಿಸಲು. ಅಂದರೆ ಎದುರಿನವರ ಪ್ರಶ್ನೆಗಳಿಗೆ.

ಅಭ್ಯಾಸಕ್ಕೆ ವಿಷಯವನ್ನೂ ಅವರೇ ಕೊಟ್ಟರು. ಬಸ್ಸು ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ವ್ಯವಸ್ಥೆ. ನಾನು ಹುಮ್ಮಸ್ಸಿನಿಂದ ನಕ್ಷೆ, ಉಪಗ್ರಹ, ಸೆಕೆಂಡಿಗೊಮ್ಮೆ ಬರುವ ಮಾಹಿತಿ ಎಂದು ಹೊರಟೆ. ಕೈ ಅಡ್ಡ ಹಿಡಿದರು.

“ಯಾರಿಗೆ ಬೇಕು ಅದು?”

“ಪ್ರಯಾಣಿಕರಿಗೆ.”

“ನಲವತ್ತು ವರ್ಷದಿಂದ ಪ್ಯಾಸೆಂಜರ್ ನನ್ನ ಕೇಳ್ತಾ ಅವ್ರೆ. ಗಾಡಿ ಎಲ್ಲೈತೆ ಅಂತ ಒಬ್ರೂ ಕೇಳಿಲ್ಲ. ಹೋಯ್ತಾ, ಬರ್ಬೇಕಾ? ಅಷ್ಟೇ. ಅದ್ನ ಮೊದ್ಲು ಹೇಳಿ ನೀವು, ಆಮೇಲೆ ಆಕಾಶಕ್ಕೆ ಹೋಗಿ.”

ಬಳಸುವವರಿಗೆ ನಿಜವಾಗಿ ಏನು ಬೇಕು ಎಂದು ಮೊದಲು ಕೇಳಿ ತಿಳಿಯಿರಿ ಎಂಬುದು ಹತ್ತು ವರ್ಷ ನಾನೇ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯ. ಅದಕ್ಕೆ ಮುಖವೊಂದು ಇರುತ್ತದೆ, ಆ ಮುಖ ಬಸ್ಸಿಗಾಗಿ ಕತ್ತು ಉದ್ದ ಮಾಡಿ ನಿಂತಿರುತ್ತದೆ ಎಂದು ಹೊಳೆದಿರಲಿಲ್ಲ.

ಇನ್ನೊಂದು ದಿನ ಕೇಳಿದರು: “ಗುಡ್ಡದ ಹಿಂದ್ಕೆ ಟವರ್ ಸಿಗಕಿಲ್ಲ. ಆವಾಗ ನಿಮ್ ಗಾಡಿ ಎಲ್ಲಿರ್ತದೆ?” ನಾನು ಅದಕ್ಕೆ ಉತ್ತರ ಕಟ್ಟುತ್ತ, ಒಂದು ಗಂಟೆಯಾದರೂ ಗುಡ್ಡದ ಹಿಂದೆಯೇ ಇದ್ದೆ. ಅವರು ವಿಷಲ್ ಊದಿದ್ದು ನನಗೆ ಕೇಳಿಸಲಿಲ್ಲವಂತೆ. ಆವತ್ತೇ ಇರಬೇಕು ಟೀಯ ಮಾತು ಬಂದದ್ದು. “ಗಾಡಿ ಹತ್ತು ಕಡೆ ನಿಲ್ತದೆ ಮೇಷ್ಟ್ರೇ. ಡ್ರೈವರ್ ಕೆಳಗಿಳ್ದು ಟೀ ಕುಡಿಯೋದು ಒಂದೇ ಕಡೆ. ಎಲ್ಲಾ ಕಡೆನೂ ಇಳಿದ್ರೆ ಅದು ಬಸ್ಸಲ್ಲ, ನೆಂಟರ ಮನೆ ತಿರುಗೋದು. ಎಲ್ಲೂ ಇಳೀದಿದ್ರೆ ದಾರೀಲಿ ನಿದ್ದೆ ಹೊಡ್ದು ಮರಕ್ಕೆ ಕೊಡ್ತಾನೆ.” ಎಲ್ಲಿ ಇಳಿಯಬೇಕೆಂದು ಹೇಗೆ ತಿಳಿಯುವುದು ಎಂದು ನಾನು ಕೇಳಿದೆ. “ಕೂತಿರೋರ್ನ ಕೇಳಿ. ಅವ್ರಿಗೆ ಎಲ್ಲಿ ಹಸಿವೋ ಅಲ್ಲಿ.”

ಈ ಮಾತುಗಳನ್ನು ಬರೆಯುತ್ತ ನನಗೆ ಅನುಮಾನವೂ ಆಗುತ್ತಿದೆ. ಇಷ್ಟು ಚೊಕ್ಕವಾಗಿ ಹೇಳಿದ್ದರೇ ಅವರು? ಕೆಲವನ್ನು ನಾನೇ ಆಮೇಲೆ ಯೋಚಿಸಿ ಅವರ ಬಾಯಿಗೆ ಇಟ್ಟಿರಬಹುದು. ನೆನಪು ಒಳ್ಳೆಯ ಸಾಲುಗಳನ್ನು ತೀರಿಹೋದವರ ಪಾಲಿಗೆ ಹಾಕುತ್ತದೆ... ಆದರೆ ಕೆಂಪು ಶಾಯಿಯ ‘ಟೀ’ ನನ್ನ ಅಕ್ಷರವಲ್ಲ. ಅಷ್ಟನ್ನು ನಂಬಬಹುದು.

ಎರಡು ವಾರದಲ್ಲಿ ನಾನು ಹಾದಿಗೆ ಬಂದೆ. ಮೊದಲು ಕೇಳಿ ತಿಳಿಯಲು ಐದು ನಿಮಿಷ, ಇಡೀ ಚಿತ್ರ ಇಪ್ಪತ್ತಕ್ಕೆ, ಆಮೇಲೆ ಒಂದೇ ಕಡೆ ಆಳ (ಅದೇ ಟೀ), ಆಮೇಲೆ ಉಳಿದದ್ದನ್ನು ಮುಟ್ಟಿ ಮುಗಿಸುವುದು. ಅವರಿಗೆ ನನಗಿಂತ ಹೆಚ್ಚು ಉಮೇದು ಬಂದಿತ್ತು. ನಿಲ್ದಾಣದಿಂದ ಬಂದವರು ಮುದ್ದೆ ಉಂಡು, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಇಂಟರ್‌ವ್ಯೂ ಮಾಡುವವರು ಕೊಳಕು ಅಂಗಿಯಲ್ಲಿ ಇರುವುದಿಲ್ಲವಲ್ಲ ಎಂದು ಅವರ ವಾದ. ಮುಗಿದ ಮೇಲೂ ತಕ್ಷಣ ಏಳುತ್ತಿರಲಿಲ್ಲ. ಕಿಟಕಿಯಿಂದ ಮಧುಗಿರಿಯ ಬಂಡೆಬೆಟ್ಟವನ್ನು ನೋಡುತ್ತ ಸ್ವಲ್ಪ ಹೊತ್ತು ಕೂರುತ್ತಿದ್ದರು. ನಾನು ಹಾಳೆ ಸುತ್ತಿಡುವ ನೆಪದಲ್ಲಿ ಎದ್ದರೆ ಅವರೂ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಕೊನೆಯ ದಿನ. ಮರುದಿನ ಹನ್ನೊಂದಕ್ಕೆ ಇಂಟರ್‌ವ್ಯೂ. ಅವತ್ತು ನಾನು ನಲವತ್ತಕ್ಕೆ ಸರಿಯಾಗಿ ಪಾವಗಡ ಸೇರಿದೆ. ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಐದು ನಿಮಿಷ ಕಳೆದರೂ ವಿಷಲ್ ಊದಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದರು.

“ನಾನೂ ಒಂದು ಗಾಡಿ ಎರಡು ನಿಮಿಷ ನಿಲ್ಲಿಸ್ಬೇಕಾಗಿತ್ತು ಕಣ್ರೀ ಮೇಷ್ಟ್ರೇ,” ಎಂದರು.

“ಯಾವ ಗಾಡಿ?”

“ಪಾವಗಡದ್ದು. ಬೆಳಿಗ್ಗೆದು. ಆಗಿ ಬೋ ವರ್ಷ ಆಯ್ತು. ಓಡ್ಬರ್ತಾ ಇದ್ದಿದ್ದು ಕಂಡೆ ನಾನು. ಕಂಡೂ ವಿಷಲ್ ಹೊಡ್ದ್‌ಬುಟ್ಟೆ...”

ಆಮೇಲೆ ಒಂದು ಮಾತು ಬಂತು: ಟೈಮಾಯ್ತು.

ಅದನ್ನು ಯಾರು ಹೇಳಿದರು ಎಂಬುದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ನಾನು ಅವರೇ ಹೇಳಿದರು ಎಂದು ನಂಬಿಕೊಂಡಿದ್ದೆ. ಗಡಿಯಾರ ನೋಡಿ, ಮಾತು ಹೆಚ್ಚಾಯಿತೆಂದು ನಾಚಿ ಅವರೇ ಎದ್ದರು ಎಂದು. ಆ ಚಿತ್ರದಲ್ಲಿ ಅವರ ಮುಖ ಕಾಣುತ್ತದೆ. ಇನ್ನೊಂದು ಚಿತ್ರವೂ ಇದೆ. ಅದರಲ್ಲಿ ಅವರ ಮುಖ ಕಾಣುವುದಿಲ್ಲ. ಮೇಜಿನ ಮೇಲಿನ ನನ್ನ ಫೋನು ಕಾಣುತ್ತದೆ, ನಾಲ್ಕು ಐವತ್ತು ತೋರಿಸುತ್ತಿದೆ. ನಾನು ನಗುತ್ತ, ಅವರ ಧಾಟಿಯನ್ನೇ ಅನುಕರಿಸಿ, ‘ಟೈಮಾಯ್ತು ಏಜೆಂಟ್ರೇ’ ಎನ್ನುತ್ತಿದ್ದೇನೆ. ನನ್ನ ಮನಸ್ಸೆಲ್ಲ ನಾಳೆಯ ಮೇಲಿತ್ತು. ಎರಡು ವಾರ ಅವರಿಂದ ಕಲಿತದ್ದೂ ಹೊತ್ತಿಗೆ ಮುಗಿಸುವುದನ್ನೇ... ಎರಡರಲ್ಲಿ ಯಾವುದು ನಡೆಯಿತೋ, ಅದರ ಮುಂದಿನದಂತೂ ಖಚಿತ. ಅವರು ಎದ್ದು, ಕುರ್ಚಿಯನ್ನು ಗೋಡೆಗೆ ಸರಿಸಿ, “ಪೋನೀಲೆ ಮೇಷ್ಟ್ರೇ” ಎಂದರು. ಹೋಗಲಿ ಬಿಡಿ ಎನ್ನುವುದಕ್ಕೆ ಅವರ ಊರಿನ ತೆಲುಗು. ಮೆಟ್ಟಿಲಿಳಿದು ಹೋದರು.

ಮರುದಿನ ಪರದೆಯ ಮೇಲೆ ಒಬ್ಬ ಹೆಂಗಸು, ಒಬ್ಬ ಗಂಡಸು. ಹಲವು ಊರುಗಳ ಆಸ್ಪತ್ರೆಗಳಿಗೆ ಟೋಕನ್ ಕೊಡುವ ವ್ಯವಸ್ಥೆ ಕಟ್ಟಿ ಎಂದರು. ಸಾಲಿನಲ್ಲಿ ನಿಂತವರಿಗೆ ಏನು ತಿಳಿಯಬೇಕು ಎಂದು ಮೊದಲು ಕೇಳಿದೆ. ಇಡೀ ಚಿತ್ರ ಇಪ್ಪತ್ತಕ್ಕೆ ಮುಗಿಸಿದೆ. ‘ಯಾವ ಭಾಗವನ್ನು ಬಿಡಿಸಿ ಹೇಳಲಿ’ ಎಂದು ಕೇಳಿದಾಗ ಆ ಹೆಂಗಸಿನ ಮುಖದಲ್ಲಿ ಸಣ್ಣ ನಗು ಮೂಡಿತು. ನೆಟ್‌ವರ್ಕ್ ಹೋದರೆ ಟೋಕನ್ ಏನಾಗುತ್ತದೆ, ಅದನ್ನು ಹೇಳಿ ಎಂದರು. ಗುಡ್ಡದ ಹಿಂದೆ ನಾನು ಕಳೆದ ಆ ಒಂದು ಗಂಟೆ ಕೈಬಿಡಲಿಲ್ಲ. ಹನ್ನೆರಡು ನಿಮಿಷವೋ ಹದಿನೈದೋ, ಅಲ್ಲಿ ಇಳಿದು ಮತ್ತೆ ಹತ್ತಿದೆ.

ಹತ್ತು ದಿನಕ್ಕೆ ಕೆಲಸ ಸಿಕ್ಕಿದ ಮೇಲ್ ಬಂತು. ನೇರ ನಿಲ್ದಾಣಕ್ಕೆ ನಡೆದೆ. ಏಜೆಂಟರು ಕೊಡಿಗೇನಹಳ್ಳಿಯ ಗಾಡಿಯ ಎದುರು ನಿಂತಿದ್ದರು. ಸುದ್ದಿ ಕೇಳಿ, ಗಡಿಯಾರದಿಂದ ಕಣ್ಣು ತೆಗೆಯದೆ, “ಸರಿ ಬುಡಿ. ಗಾಡಿ ಟೈಮಿಗೆ ಸೇರ್ತು,” ಎಂದರು. ಅಷ್ಟೇ. ಆದರೆ ಟೀ ಅಂಗಡಿಯ ಅಕ್ಕನಿಗೆ ಕೂಗಿ ಎರಡು ಟೀ ಹೇಳಿದರು. ಟೀ ಕುಡಿಯುತ್ತ ನಾನು, ಭಾನುವಾರ ಕೂರೋಣ, ಅವತ್ತು ಪಾವಗಡದ ಗಾಡಿ ಅಂದಿರಲ್ಲ, ಅದನ್ನು ಪೂರ್ತಿ ಹೇಳಿ ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊರಡಬೇಕಾದ ಗಾಡಿಯ ಡ್ರೈವರು ಇನ್ನೂ ಜನ ಕರೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. “ಲೇ, ಎತ್ಲಾ ಗಾಡಿಯ! ಬಾಸಿಂಗ ಕಟ್ಬೇಕೇನ್ಲಾ ನಿಂಗೆ?” ಎಂದು ಗ್ಲಾಸು ಕೆಳಗಿಟ್ಟು ಓಡಿದರು.

ಆ ಭಾನುವಾರ ನನಗೆ ಹೊಸ ಕೆಲಸದ ತರಬೇತಿ ಇತ್ತು. ಅದರ ಮುಂದಿನ ಭಾನುವಾರ ಏನಿತ್ತೋ ನೆನಪಿಲ್ಲ, ಏನೋ ಇತ್ತು. ಎರಡು ತಿಂಗಳಿಗೆ, ಇಂಟರ್ನೆಟ್ ಚೆನ್ನಾಗಿ ಸಿಗುತ್ತದೆಂದು ಶಿರಾಕ್ಕೆ ಮನೆ ಬದಲಾಯಿಸಿದೆ. ಸಾಮಾನು ತುಂಬಿದ ದಿನ ಏಜೆಂಟರು ನಿಲ್ದಾಣದಲ್ಲಿದ್ದರು. ಬೆಳಗಿನ ಹೊತ್ತು, ಗಾಡಿಗಳ ಗದ್ದಲ. ನನ್ನ ಸಾಮಾನಿನ ಲಾರಿ ಹಾದಾಗ ದೂರದಿಂದಲೇ ಕೈ ಎತ್ತಿದರು, ನಾನೂ ಎತ್ತಿದೆ. ಶಿರಾ ಏನು ದೂರವೆ, ಒಂದು ಗಂಟೆಯ ದಾರಿ, ಬಂದು ಹೋಗುತ್ತಿರುತ್ತೇನಲ್ಲ ಎಂದುಕೊಂಡೆ.

ಬಂದದ್ದು ಒಂದೂವರೆ ವರ್ಷದ ಮೇಲೆ. ಪಾವಗಡದ ಗಾಡಿಯ ಎದುರು ಬೇರೆ ಯಾರೋ ವಿಷಲ್ ಊದುತ್ತಿದ್ದರು. ಟೀ ಅಂಗಡಿಯ ಅಕ್ಕ ನನ್ನನ್ನು ಗುರುತು ಹಿಡಿದರು.

“ಏಜೆಂಟ್ರು ಹೋಗಿ ಆರು ತಿಂಗ್ಳಾಯ್ತಲ್ಲಣ್ಣ. ನಿಮಗ್ಯಾರೂ ಹೇಳ್ಲಿಲ್ವಾ?”

ಹೇಳುವವರು ಯಾರಿದ್ದರು. ಅವರಿಗೆ ನಾನು ಏನಾಗಬೇಕು ಎಂದು ಯಾರಿಗೆ ತಾನೇ ಗೊತ್ತಿತ್ತು. ಎದೆನೋವಂತೆ, ಮಲಗಿದ್ದಲ್ಲೇ ಹೋದರಂತೆ. ಪಾವಗಡದ ಕಡೆಯಿಂದ ಯಾರೋ ನೆಂಟರು ಬಂದು ತೆಗೆದುಕೊಂಡು ಹೋದರಂತೆ. ಆಮೇಲೆ, ಅವರು ಎರಡು ನಿಮಿಷ ನಿಲ್ಲಿಸದೆ ಬಿಟ್ಟ ಆ ಬೆಳಗಿನ ಗಾಡಿಯ ವಿಷಯ ಗೊತ್ತಾ ಎಂದು ಕೇಳಿದೆ.

“ಅವ್ರ ಹೆಂಡ್ರು ಅಂತಾರೆ ಕೆಲವ್ರು. ಜಗಳ ಆಡ್ಕಂಡು ತವ್ರಿಗೆ ಹೊರಟಿದ್ರಂತೆ, ಆಮೇಲೆ ತಿರುಗಿ ಬರ್ಲೇ ಇಲ್ವಂತೆ. ಇನ್ನ ಕೆಲವ್ರು, ಅವ್ರ ತಮ್ಮ ಅಂತಾರೆ. ಅವ್ವಂಗೆ ಸೀರಿಯಸ್ ಅಂತ ಊರಿಗೆ ಓಡ್ತಿದ್ನಂತೆ. ಯಾವ್ದು ದಿಟವೋ.”

“ನಿಮಗೇನನ್ನಿಸುತ್ತೆ ಅಕ್ಕ?”

“ನನ್ ತಾವ ಹೇಳಿಲ್ಲ ಕಣಣ್ಣ. ಅವ್ರು ಯಾರ ತಾವೂ ಕುಂತು ಮಾತಾಡ್ದೋರೇ ಅಲ್ಲ. ನಿಮ್ ಮನೆಗೆ ಮಾತ್ರ ಇಸ್ತ್ರಿ ಅಂಗಿ ಹಾಕ್ಕಂಡು ದಿನಾ ಹೋಗೋರು. ನಿಮಗೆ ಹೇಳಿರ್ತಾರೆ ಅನ್ಕಂಡಿದ್ದೆ ನಾನು.”

ನಾನು ಹೇಳಿದ್ದಾರೆ ಎಂದೋ ಇಲ್ಲ ಎಂದೋ ತಲೆಯಾಡಿಸಿರಬೇಕು.

ಈಗ ನಾನೇ ಇಂಟರ್‌ವ್ಯೂ ಮಾಡುತ್ತೇನೆ, ವಾರಕ್ಕೆ ಮೂರೋ ನಾಲ್ಕೋ. ಶಿರಾದ ಈ ಕೋಣೆಯಲ್ಲಿ ಹೆದ್ದಾರಿಯ ಸದ್ದು ಕೇಳದಂತೆ ಕಿಟಕಿ ಮುಚ್ಚಿ ಕೂರುತ್ತೇನೆ. ಎಲ್ಲೆಲ್ಲಿಂದಲೋ ಮುಖಗಳು ಪರದೆಯ ಮೇಲೆ ಬರುತ್ತವೆ. ಹೆಚ್ಚಿನವರು ನನ್ನಂತೆಯೇ ಮೊದಲ ಚೌಕದಲ್ಲಿ ಮುಳುಗುತ್ತಾರೆ. ನಾನು ಮೆಲ್ಲಗೆ ಎಚ್ಚರಿಸುತ್ತೇನೆ. ನಲವತ್ತೈದಕ್ಕೆ ಮುಗಿಸುತ್ತೇನೆ, ಒಬ್ಬರಿಗೆ ಹೆಚ್ಚು ಕೊಟ್ಟರೆ ಮುಂದಿನವರದ್ದು ಕಿತ್ತುಕೊಂಡಂತೆ. ಪರದೆ ಕಪ್ಪಾದ ಮೇಲೆ ಮನೆಯಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ. ಆಗ ಆ ಮಧ್ಯಾಹ್ನಗಳಿಗೆ ಹಿಂತಿರುಗುತ್ತೇನೆ. ನಿಮಿಷ ನಿಮಿಷವೂ ನೆನಪಿಗೆ ಬರುತ್ತದೆ: ಐದಕ್ಕೆ ಏನು ಹೇಳಿದೆ, ಇಪ್ಪತ್ತಕ್ಕೆ ಯಾವ ಚೌಕದಲ್ಲಿದ್ದೆ, ಅವರು ಯಾವಾಗ ಕೈ ಅಡ್ಡ ಹಿಡಿದರು.

ಕೊನೆಯ ದಿನ ಅವರು ಮೆಟ್ಟಿಲಿಳಿದಾಗ ಐದು ಗಂಟೆಯೂ ಆಗಿರಲಿಲ್ಲ. ಇಂಟರ್‌ವ್ಯೂ ಮರುದಿನ ಹನ್ನೊಂದಕ್ಕೆ. ಹಾಳೆ ಸುತ್ತಿಟ್ಟಾಗಿತ್ತು, ಓದಲು ಏನೂ ಉಳಿದಿರಲಿಲ್ಲ. ಇಡೀ ಒಂದು ಸಂಜೆ ನನ್ನ ಮುಂದಿತ್ತು, ಕೆಳಗಿನ ಕೋಣೆಯಲ್ಲಿ ಅವರಿದ್ದರು. ಆ ಸಂಜೆ ನಾನು ಏನು ಮಾಡಿದೆ, ಎಲ್ಲಿ ಹೋದೆ, ಯಾರ ಜೊತೆಗಾದರೂ ಮಾತಾಡಿದೆನೆ... ಎಷ್ಟು ಯೋಚಿಸಿದರೂ ಒಂದು ನಿಮಿಷವೂ ನೆನಪಾಗುತ್ತಿಲ್ಲ.